ಎಪ್ಪತ್ತೊಂದನೆಯ ಸಂಯುಕ್ತ

ಶಿವಾಲ, ವಾರಾಣಸಿ
೧೪ ಅಕ್ಟೋಬರ್ ೨೦೨೪

ಪ್ರೀತಿಯ ಶೀತಲ್,

ಹೇಗಿದ್ದೀಯ? ಪಾಪುವಿಗೆ ಹಲ್ಲು ಬಂದ ಫೋಟೊ ನೋಡಿಯೂ ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ, ಅದಕ್ಕೇ ಈ ಕಾಗದ.

ನಮ್ಮ ಎಪ್ಪತ್ತೊಂದನೆಯ ಸಂಯುಕ್ತದ ಕಥೆ ಮುಗಿಯಿತು ಕಣೆ. ನಾವಿಬ್ಬರೂ ಸೇರಿ ಲ್ಯಾಬಿನಲ್ಲಿ ತಯಾರಿಸಿದ ಔಷಧ, ಗಾಜಿನ ತಟ್ಟೆಯಲ್ಲಿ ಮಲೇರಿಯಾ ರೋಗಾಣುಗಳನ್ನು ಎರಡೇ ದಿನದಲ್ಲಿ ಕೊಂದದ್ದು, ಅದೇ. ನೀನು ಹೋದ ಮೇಲೆ, ಯಾವುದಕ್ಕೂ ಇರಲಿ ಎಂದು ಪ್ರಮಾಣ ಇಳಿಸಿ ಎರಡು ವರ್ಷ ಎಳೆದೆವು. ಕಡಿಮೆ ಕೊಟ್ಟರೆ ರೋಗ ಮರಳುತ್ತಿತ್ತು. ಕಳೆದ ತಿಂಗಳು ಇಲಿಗಳಿಗೆ ಮತ್ತೆ ಪೂರ್ತಿ ಪ್ರಮಾಣ ಕೊಟ್ಟೆವು. ಮಲೇರಿಯಾ ಉಳಿಯಲಿಲ್ಲ, ಇಲಿಗಳೂ ಉಳಿಯಲಿಲ್ಲ. ಇಪ್ಪತ್ನಾಲ್ಕರಲ್ಲಿ ಹತ್ತೊಂಬತ್ತು ಸತ್ತವು, ಅವುಗಳ ಲಿವರ್ ಹಳದಿಗಟ್ಟಿತ್ತು. ಹಿಂದೆ ನಿನ್ನ ಇಲಿಗಳಿಗೂ ಹೀಗೇ ಆಗಿತ್ತು. ನೀನು ಔಷಧದ ಅಳತೆ ತಪ್ಪಿದ್ದೀಯ ಎಂದು ನಮ್ಮ ಗೈಡ್ ಪ್ರಭಾಕರ ಸರ್ ತೀರ್ಮಾನಿಸಿದ್ದರು. ನೀನು ಪಿಎಚ್.ಡಿ. ಬಿಟ್ಟು ಗದಗಕ್ಕೆ ಹೊರಟುಹೋದೆ.

ಸರ್ ಈಗ, "ಔಷಧ ಆಗಲಿಲ್ಲ ಅಂತಲೇ ಥೀಸಿಸ್ ಬರೀಮ್ಮ, ಅದಕ್ಕೂ ಡಿಗ್ರಿ ಕೊಡ್ತಾರೆ" ಎನ್ನುತ್ತಾರೆ. ನಿನ್ನ ಹೆಸರು ಎತ್ತಲಿಲ್ಲ.

ಮೊನ್ನೆ ರಕ್ತದ ಮಾದರಿ ತರಲು ಆಸ್ಪತ್ರೆಗೆ ಹೋಗಿದ್ದೆ. ಸೋನಭದ್ರದಿಂದ ಬಂದ ಹೆಂಗಸೊಬ್ಬಳು ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಆ ಮಗುವಿಗೆ ಈ ವರ್ಷ ಇದು ಮೂರನೆಯ ಮಲೇರಿಯಾ. ಹಿಂದಿನ ಸಲ ಮಾದರಿ ತರಲು ಹೋದಾಗ ನೋಡಿದ್ದರಿಂದ ನನ್ನ ಗುರುತು ಹಿಡಿದು, "ದೀದಿ, ಆಪ್ ಲೋಗೋಂ ಕೀ ನಯೀ ದವಾ ಕಬ್ ಆಯೇಗೀ?" ಎಂದಳು. ನಮ್ಮ ಹೊಸ ಔಷಧ ಬೇಗ ಬರುತ್ತದೆ ಎಂದುಬಿಟ್ಟೆ. ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದಿನಿಂದ ಲ್ಯಾಬಿಗೆ ಹೋಗಿಲ್ಲ. ಮನೆಯ ಒಡತಿ ಗೋದಾಬಾಯಿ ಬಾಗಿಲಿಗೆ ಬಂದು, "ಏನ್ ಬೇಟಿ, ಊಟ ಇಲ್ಲ, ತಲೆ ಬಾಚಿಲ್ಲ, ತಬಿಯತ್ ಸರಿ ಇಲ್ವಾ?" ಎಂದು ಕೇಳುತ್ತಾರೆ. ಜ್ವರ ಎನ್ನುತ್ತೇನೆ. ಐದು ವರ್ಷ ಯಾವುದಕ್ಕೆ ಕೊಟ್ಟೆ ಎಂದು ಅವರಿಗೆ ಹೇಗೆ ಹೇಳಲಿ?

ನಿಮ್ಮ ಮನೆಯವರಿಗೆ ನಮಸ್ಕಾರ ಹೇಳು. ಪಾಪು ಯಾವ ಕಾಯಿಲೆಯೂ ತಾಗದೆ ಬೆಳೆಯಲಿ.

ನಿನ್ನ
ವಿಜಯಶ್ರೀ

ತಾ.ಕ.: ನಿನ್ನ ಇಲಿಗಳ ವಿಷಯ ತೀರ್ಮಾನವಾದ ದಿನ, ಅದಕ್ಕೂ ಮೊದಲು ಸರ್ ನನ್ನನ್ನೊಬ್ಬಳನ್ನೇ ಒಳಗೆ ಕರೆದು, "ನಿನ್ನ ಇಲಿಗಳು ಹೇಗಿವೆ?" ಎಂದು ಕೇಳಿದ್ದರು. ನೀನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಅದೇ ಸಂಯುಕ್ತ ಕೊಟ್ಟ ನನ್ನ ಇಲಿಗಳೂ ಆರು ಸತ್ತಿದ್ದವು. ಹಿಂದಿನ ದಿನ ನಾನೇ ಕೊಯ್ದು ನೋಡಿದ್ದೆ, ಅದೇ ಹಳದಿ. ಪಂಜರದಲ್ಲಿ ಏನೋ ಸೋಂಕು ಎಂದು ನನಗೆ ನಾನೇ ಹೇಳಿಕೊಂಡು, "ಚೆನ್ನಾಗಿವೆ ಸರ್" ಎಂದೆ. ನಿನ್ನ ಕೈ ಎಂದೂ ಅಳತೆ ತಪ್ಪಿರಲಿಲ್ಲ, ಶೀತಲ್. ನಾಳೆ ಸರ್‌ಗೂ ಇದನ್ನೇ ಬರೆದುಕೊಡುತ್ತೇನೆ. ಅದರಿಂದ ನಿನಗೆ ಏನೂ ಮರಳಿ ಸಿಗುವುದಿಲ್ಲ ಎಂದು ಗೊತ್ತು.