ಚೀನಾ ಪಿಕ್ಚರಿನಲ್ಲಿ ನಾನು ನುಂಗಿದ ಮಾತು

ವಸ್ತಾದರೆ,

ನಿಮ್ಮ ಗರಡಿಯ ಶಿಷ್ಯ ಮಾಬ್ಯಾನ ಸಲಾಮು. ವೆಲ್ಡಿಂಗ್ ಮಾಡಿ ಮಾಡಿ ಬೆರಳು ಮೊಂಡಾಗಿವೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನೀವು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವನು ಈಗ್ಯಾಕೆ ಬರೆಯುತ್ತಿದ್ದಾನೆ ಎಂದು ಕೇಳುತ್ತೀರಿ. ನಿಮ್ಮ ಮಗ ಈರಣ್ಣನ ಸಲುವಾಗಿ. ನಾಗರಪಂಚಮಿಯ ಕುಸ್ತಿಗೆ ಇನ್ನು ನಾಲ್ಕೇ ದಿನ ಇದೆ.

ನನಗೆ ಹದಿನಾರು ವರ್ಷವಿದ್ದಾಗ ನೀವು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಚೀನಾದ ಹೊಡೆದಾಟದ ಪಿಕ್ಚರ್ ತೋರಿಸಿದ್ದು ನೆನಪಿದೆಯೇ? ಥೇಟರಿನವರೆಲ್ಲ ಸೀಟಿ ಹೊಡೆಯುತ್ತಿದ್ದರೆ ನೀವು ಕೈಕಟ್ಟಿ ಕೂತಿದ್ದಿರಿ. ವಾಪಸು ಬರುವಾಗ ಬಸ್ಸು ನವಲಗುಂದ ಮುಟ್ಟಿದರೂ ನಿಮ್ಮ ಅಭಿಪ್ರಾಯ ಮುಗಿಯಲಿಲ್ಲ. "ಒದಿಯೂದು ಛಲೋ ಐತಿ. ಆದ್ರ ಆ ಮಗಾ ಉಸರು ಯಾವಾಗ ತಗೋತಾನ ಅಂತ ಒಬ್ಬರಾದ್ರೂ ನೋಡಿದ್ರೇನಲೇ? ಪಿಕ್ಚರ್‌ನ್ಯಾಗ ಯಾರಿಗೂ ದಣಿವಿಲ್ಲ, ಮಾಬ್ಯಾ. ಅದನ್ನ ನೋಡಿ ಕುಸ್ತಿ ಕಲೀಬ್ಯಾಡ." ಆವತ್ತಿನಿಂದ ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಬಿತ್ತು. ಯಾವ ಪಿಕ್ಚರ್ ನೋಡಿದರೂ ಕೊನೆಗೆ ಒಬ್ಬೊಬ್ಬರಾಗಿ ತಮ್ಮ ಅಭಿಪ್ರಾಯ ಹೇಳಬೇಕು, ಹೇಳದವರು ಇಪ್ಪತ್ತು ಬೈಠಕ್ ಹೊಡೆಯಬೇಕು. ನೀವು ಹೋದ ಮೇಲೂ ಅದನ್ನು ನಡೆಸಿಕೊಂಡು ಬಂದಿದ್ದೇವೆ.

ಈ ಸಲದ ಮಣ್ಣೆತ್ತಿನ ಅಮವಾಸ್ಯೆಯ ಮಧ್ಯಾಹ್ನ ಈರಣ್ಣ ಮನೆಯ ಟೀವಿ ಹೊತ್ತು ತಂದು ಗರಡಿಯ ಹನುಮಪ್ಪನ ಫೋಟೋದ ಕೆಳಗೆ ಇಟ್ಟ. ಅಮವಾಸ್ಯೆಗೆ ತಾಲೀಮು ಇರುವುದಿಲ್ಲವಲ್ಲ, ಎಲ್ಲರೂ ಬಂದಿದ್ದರು. ಈರಣ್ಣನ ತಾಯಿ, ನಿಮ್ಮ ಮನೆಯ ಅವ್ವಾರೂ ಬಾಗಿಲ ಬಳಿ ಕೂತಿದ್ದರು. ಚೀನಾದ ಹಳೆಯ ರಾಜರ ಕಾಲದ ಕತ್ತಿವರಸೆಯ ಕಥೆ, ಮಾತು ಹಿಂದಿ. ಅದೂ ಸಾದಾ ಹಿಂದಿಯಲ್ಲ, ದರ್ಬಾರಿನ ಉರ್ದು. ನಮ್ಮವರಿಗೆ ಬರುವುದು ಹಾಡು ಗುನುಗುವಷ್ಟು ಹಿಂದಿ. ಮನೆಮಾತು ಉರ್ದು ಎಂದು ನನ್ನನ್ನು ಟೀವಿಯ ಬಾಜು ಕೂರಿಸಿದರು. ಪಿಕ್ಚರಿನವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

ಕಥೆ ದೊಡ್ಡದೇನಲ್ಲ. ಒಬ್ಬ ಗುರು ಬೇರೆ ಊರಿನ ಕತ್ತಿಯವನ ಎದುರು ಸೋತು ಸಾಯುತ್ತಾನೆ. ಗುರುವಿನ ಮಗ ಹತ್ತು ವರ್ಷ ಬೆಟ್ಟದಲ್ಲಿದ್ದು, ವಿದ್ಯೆ ಕಲಿತು ಬಂದು, ಅವನನ್ನು ಕೊಲ್ಲುತ್ತಾನೆ. ಆಮೇಲೆ ಮಂಜು ಬೀಳುವ ಅಂಗಳದಲ್ಲಿ ಗುರುವಿನ ಹಿರಿಯ ಶಿಷ್ಯ ಆ ಮಗನ ಮುಂದೆ ಮೊಣಕಾಲೂರಿ, ಸಣ್ಣ ದನಿಯಲ್ಲಿ ಏನೋ ಹೇಳತೊಡಗಿದ. ನಾನು ಬಾಯಿ ತೆರೆದವನು ಹಾಗೇ ಕೂತೆ. "ಏನಂತಾನ ಕಾಕಾ?" ಎಂದು ಈರಣ್ಣ ಕೇಳಿದ. "ಗುರುವಿನ್ನ ನೆನಸಿ ಅಳಾಕತ್ತಾನ. ನೀ ಮಾಡಿದ್ದು ಬರೋಬ್ಬರಿ ಅಂತಾನ" ಎಂದುಬಿಟ್ಟೆ.

ಅಭಿಪ್ರಾಯಗಳು ಶುರುವಾದವು. ಚಂದ್ರಪ್ಪ ಕಾಕಾ, ಈಗ ಎಪ್ಪತ್ತು ದಾಟಿದರೂ ದಿನಾ ಗರಡಿಗೆ ಬಂದು ಕೂರುತ್ತಾರೆ, "ನೆಲಾ ಬಿಟ್ಟು ಹಾರಾವ ಎಂಥಾ ಪೈಲ್ವಾನಲೇ? ಅವ ಕಾಗಿ" ಎಂದರು. ಎಲ್ಲರೂ ನಕ್ಕರು. ಅವ್ವಾರು ಸೆರಗು ಸರಿಪಡಿಸಿಕೊಂಡು, "ಆ ಗುರುವಿನ ಹೆಂಡ್ತಿ ಏನಾದ್ಲು? ಇಷ್ಟುದ್ದ ಪಿಕ್ಚರ್‌ನ್ಯಾಗ ಆಕೀನ್ನ ಒಂದ ಸಲಾನೂ ತೋರಸಲಿಲ್ಲ" ಎಂದರು. ಉಳಿದವರೆಲ್ಲ ಸೇಡು ತೀರಿಸಿಕೊಂಡದ್ದು ನ್ಯಾಯ, ಮಗನೆಂದರೆ ಹೀಗಿರಬೇಕು ಎಂದರು. ಅನ್ನದೆ ಏನು ಮಾಡ್ಯಾರು? ನಾನು ಕೊಟ್ಟ ಅರ್ಥವೇ ಅಂಥದು. ಕೊನೆಗೆ ಈರಣ್ಣನ ಸರದಿ ಬಂತು. "ಹತ್ತು ವರ್ಷ ಯಾಕ ಕಾದ? ನಾ ಆಗಿದ್ರ ಎರಡು ವರ್ಷಕ್ಕ ಮುಗಸ್ತಿದ್ದೆ." ಅವನ ಮುಖದಲ್ಲಿ ನಗು ಇರಲಿಲ್ಲ.

ಆ ಶಿಷ್ಯ ನಿಜವಾಗಿ ಹೇಳಿದ್ದೇನು ಎಂದು ನಿಮಗಾದರೂ ಹೇಳುತ್ತೇನೆ. "ಗುರು ಆ ಕಾಳಗಕ್ಕೆ ಹೋಗುವ ಮೊದಲೇ ಗಾಯಗೊಂಡಿದ್ದರು, ಅಭ್ಯಾಸ ಮಾಡುವಾಗ ಪೆಟ್ಟು ಬಿದ್ದದ್ದು ನನ್ನ ಕೈಯಿಂದ, ಯಾರಿಗೂ ಹೇಳಬೇಡ ಎಂದರು, ನಾನು ಹೇಳಲಿಲ್ಲ." ಅಷ್ಟೇ. ಲೋಕದಲ್ಲಿ ಸಾವಿರ ಪಿಕ್ಚರ್ ಇರುವಾಗ ನಮ್ಮ ಗರಡಿಗೆ ಅದೇ ಬರಬೇಕೇ?

ನಾವಿಬ್ಬರೇ ಗರಡಿಯ ಮಟ್ಟಿಯ ಮಣ್ಣಿಗಿಳಿದು ತಾಲೀಮು ಮಾಡುತ್ತಿದ್ದ ಆ ಬೆಳಿಗ್ಗೆ ನಿಮ್ಮ ಕೊರಳಿಗೆ ನಾನು ಪಟ್ಟು ಹಾಕಿದಾಗ ಲಟಕ್ಕೆಂದ ಸದ್ದು ಇನ್ನೂ ಕಿವಿಯಲ್ಲಿದೆ. ನೀವು ಎದ್ದು ಕೂತು ಎಡಗೈ ಜಾಡಿಸಿದಿರಿ. ಇರುವೆ ಹರಿದ ಹಾಗಾಗುತ್ತಿದೆ ಎಂದಿರಿ. ನಾನು ದವಾಖಾನೆಗೆ ಹೋಗೋಣ ಎಂದರೆ, "ಕುಂದಗೋಳದ ಪರಸಪ್ಪಗ ಮಾತು ಕೊಟ್ಟೇನಿ. ಕಡೀ ಕುಸ್ತಿ ಇದು. ಮಟ್ಟ್ಯಾಗಿನ ಮಾತು ಮಟ್ಟ್ಯಾಗ ಇರಲಿ" ಎಂದಿರಿ. ಮಟ್ಟಿಯ ಕೆಂಪು ಮಣ್ಣನ್ನೇ ತೆಗೆದು ಕೊರಳಿಗೆ ತಿಕ್ಕಿಕೊಂಡಿರಿ. ಮೂರನೆಯ ದಿನದ ಕುಸ್ತಿಯಲ್ಲಿ ಪರಸಪ್ಪ ನಿಮ್ಮನ್ನು ಎತ್ತಿ ಹಾಕಿದ. ಧರ್ಮದ ಪಟ್ಟು, ಅದರಲ್ಲಿ ಮೋಸವಿರಲಿಲ್ಲ. ನೀವು ಏಳಲಿಲ್ಲ. ನಾಲ್ಕು ತಿಂಗಳು ಹಾಸಿಗೆಯಲ್ಲಿದ್ದಿರಿ, ಪರಸಪ್ಪನೇ ಕೊರಳು ಮುರಿದ ಎಂದು ಊರು ಮಾತಾಡಿತು, ನೀವು ಕೊನೆಯುಸಿರಿನವರೆಗೂ ಬಾಯಿ ಬಿಡಲಿಲ್ಲ. ನನ್ನನ್ನು ಕಾಯಲೆಂದು ಸುಮ್ಮನಿದ್ದಿರೋ, ಅಥವಾ ನಾನೇ ಹೇಳಲಿ ಎಂದು...

ಪಂಚಮಿಯ ಕುಸ್ತಿಗೆ ಈರಣ್ಣ ಪರಸಪ್ಪನ ಜೊತೆಗೇ ಜೋಡಿ ಕಟ್ಟಿಸಿಕೊಂಡ. ಈ ಒಂದು ತಿಂಗಳು ಅವನನ್ನು ನೋಡಬೇಕಿತ್ತು ನೀವು. ಮರಳು ತುಂಬಿದ ಚೀಲಕ್ಕೆ ಒಂದೇ ಪಟ್ಟು, ಕೊರಳಿನ ಪಟ್ಟು, ನೂರು ಸಲ, ಇನ್ನೂರು ಸಲ. ಮೂರು ಚೀಲ ಹರಿದವು. ಒಂದು ದಿನ ಮೈಗೆ ಎಣ್ಣೆ ಹಚ್ಚುತ್ತ ಸಹಜವಾಗಿ ಕೇಳಿದ: "ಕಾಕಾ, ಆ ಪಿಕ್ಚರ್‌ನ್ಯಾಗ ಅವ ಭಾಳ ಹೊತ್ತು ಮಾತಾಡಿದಾ. ನೀ ಎರಡ ಮಾತಿನ್ಯಾಗ ಮುಗಿಸಿದಿ." ನಾನು ಎಣ್ಣೆ ಬಟ್ಟಲು ಎತ್ತಿಡುವ ನೆಪ ಮಾಡಿ ಎದ್ದೆ.

ಮೊನ್ನೆ ಅಣ್ಣಿಗೇರಿಯಲ್ಲಿ ಪರಸಪ್ಪ ಸಿಕ್ಕಿದ್ದ. ಮಗಳಿಗೆ ಪಂಚಮಿಯ ಬಳೆ ಕೊಡಿಸಲು ಬಂದಿದ್ದ. ನನ್ನ ಕೈ ಹಿಡಿದುಕೊಂಡು, "ಮಾಬುಸಾಬ, ವಸ್ತಾದರ್ನ ನಾ ಕೊಂದೆ ಅಂತ ಎರಡು ವರ್ಷಾತು ಖರೇನ ನಿದ್ದಿಲ್ಲ. ಅವರ ಮಗಾ ಯಾವ ಪಟ್ಟು ಹಾಕಿದ್ರೂ ನಾ ಬಿಡಿಸ್ಕೊಳ್ಳಾಂಗಿಲ್ಲ. ಅವಗ ಸಮಾಧಾನ ಆಗಲಿ" ಎಂದ. ಆ ಮಗು ಎರಡೂ ಕೈ ಎತ್ತಿ ನನಗೆ ಬಳೆ ತೋರಿಸುತ್ತಿತ್ತು. ವಸ್ತಾದರೆ, ನಾನು ನನ್ನ ವೆಲ್ಡಿಂಗ್ ಅಂಗಡಿಗೆ ಬಂದು ಶಟರ್ ಎಳೆದುಕೊಂಡು ಅತ್ತೆ. ತಪ್ಪು ನನ್ನದು, ಕೊರಳು ಅವನದು.

ಇವತ್ತು ಬೆಳಿಗ್ಗೆ ಹೇಳಿದೆ. ಮಟ್ಟಿಯ ಮಾತು ಮಟ್ಟಿಯಲ್ಲೇ ಇರಲಿ ಎಂದಿರಲ್ಲ, ಅದಕ್ಕೆ ಮಟ್ಟಿಗೇ ಇಳಿದು, ಈರಣ್ಣನ ಎದುರು ನಿಂತು, ಪಿಕ್ಚರಿನ ಆ ಶಿಷ್ಯ ಹೇಳಿದ್ದನ್ನೂ ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. ಅವನು ಸಲಿಕೆಯಿಂದ ಮಣ್ಣು ತಿರುವಿ ಹಾಕುತ್ತಿದ್ದ, ನಿಲ್ಲಿಸಲಿಲ್ಲ. ಪೂರಾ ಮಟ್ಟಿ ತಿರುವಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದ. "ಅವ್ವಗ ಗೊತ್ತೈತೇನು?" ಇಲ್ಲ ಎಂದೆ. ಫೋನ್ ತೆಗೆದು ನನ್ನೆದುರೇ ಕುಂದಗೋಳಕ್ಕೆ ಹಚ್ಚಿದ. "ಪರಸಣ್ಣಾರ, ನೀವು ಪಂಚಮಿಗೆ ಬರಬ್ಯಾಡ್ರಿ. ನಿಮ್ಮದೇನೂ ತಪ್ಪಿಲ್ರಿ. ಮಗಳ ಕೂಡ ಹಬ್ಬಾ ಮಾಡ್ರಿ." ನನಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ನಿಮ್ಮ ಮಗ, ಎಷ್ಟಾದರೂ ನಿಮ್ಮ ಮಗ ಎಂದುಕೊಂಡೆ.

ಫೋನ್ ಇಟ್ಟು ನನ್ನ ಕಡೆ ತಿರುಗಿದ. "ಜೋಡಿ ತಪ್ಪಸಾಕ ಬರೂದಿಲ್ಲ, ಕಾಕಾ. ಊರಿಗೆಲ್ಲಾ ಸುದ್ದಿ ಹೋಗೇತಿ. ಪಂಚಮಿಗೆ ನನ್ನ ಜೋಡಿ ನಿನ್ನ ಕೂಡ" ಎಂದ. ದನಿ ಏರಿಸಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಬರುತ್ತೇನೆ ಎಂದು ಹೇಳಿದ್ದೇನೆ. ಅವನು ಯಾವ ಪಟ್ಟು ಹಾಕುತ್ತಾನೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅದರಿಂದ ಬಿಡಿಸಿಕೊಳ್ಳುವ ದಾರಿ ಒಂದೇ, ಅದು ಎದುರಿನವನ ತೋಳು ಮುರಿಯುತ್ತದೆ. ನಿಮ್ಮ ಮಗನ ತೋಳನ್ನು ನಾನು ಮುರಿಯುವುದಿಲ್ಲ, ವಸ್ತಾದರೆ. ಇದು ನನ್ನ ಮಾತು. ಅವ್ವಾರಿಗೆ ಮಾತ್ರ ಇನ್ನೂ ಹೇಳಿಲ್ಲ. ಪಂಚಮಿಯ ದಿನ ಮುಂದೆಯೇ ಕೂತು ಕುಸ್ತಿ ನೋಡುತ್ತೇನೆ ಎನ್ನುತ್ತಿದ್ದಾರೆ.

ನಿಮ್ಮ ಮಾಬ್ಯಾ