ಎಡಗಡೆಯ ದನಿ

ಗಲಾತ್ಸ್, ಅಕ್ಟೋಬರ್ ೧೪, ಮಂಗಳವಾರ

ನನಗೆ ಎಡಗಿವಿ ಕೇಳುವುದಿಲ್ಲ. ಇದನ್ನು ಈ ದಿನಚರಿಯಲ್ಲೂ ಬರೆದಿರಲಿಲ್ಲ. ಬೇಸರ ಬಂದು ಶಾಲೆ ಬಿಟ್ಟೆ ಎಂದೇ ಎಲ್ಲರಿಗೂ ಹೇಳಿದೆ. ಪಾಠ ಕೇಳಿಸುತ್ತಿರಲಿಲ್ಲ ಎನ್ನಲಿಲ್ಲ.

ವಿಆರ್ ಕನ್ನಡಕ ಹಾಕಿಕೊಂಡು ಸೇರುವ ನಮ್ಮ ಕೂಟದಲ್ಲೂ ಅದೇ ಸುಳ್ಳು. ಮಾತು ಯಾವ ಕಡೆಯಿಂದ ಬಂತೆಂದು ತಿಳಿಯಲೆಂದು, ಅದನ್ನು ಆ ಕಡೆಯ ಕಿವಿಗಷ್ಟೇ ಕೇಳಿಸುವ ಮಾಡ್ ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ಕೂಟದ ಡೋರಿನಾ ಅಕ್ಕ ಬರೆದು ಪುಕ್ಕಟೆ ಹಂಚಿದ್ದಳು. ಅದನ್ನು ಹಾಕಿಕೊಂಡದ್ದೇ, ಎಡಕ್ಕೆ ನಿಂತವರ ಮಾತು ಪೂರ್ತಿ ಹೋಯಿತು. ನಿನ್ನ ಮಾಡ್ ಕೆಟ್ಟಿದೆ ಎಂದು ದೂರು ಕಳಿಸಿದೆ. ಪಾಪ, ನಾಲ್ಕು ದಿನ ಇಲ್ಲದ ತಪ್ಪನ್ನು ಹುಡುಕಿದಳು. ಇಂದು ತಡೆಯಲಾರದೆ ನಿಜ ಹೇಳಿದೆ.

"ಅಯ್ಯೋ ಕತ್ತೆ! ಕೆಟ್ಟಿರೋದು ನಿನ್ ಕಿವಿ ಅಂತ ಮೊದ್ಲೇ ಬೊಗಳೋಕೆ ಏನಾಗಿತ್ತೋ?"

"ನಾಚಿಕೆ ಆಗ್ತಿತ್ತಕ್ಕ."

"ನಾಚ್ಕೊಂಡು ಸಾಯಿ. ಒಂದ್ ಗಂಟೆ ತಡಿ."

ಗಂಟೆಯೊಳಗೆ, ಎಡದ ದನಿಯನ್ನೆಲ್ಲ ಬಲಗಿವಿಗೆ ತರುವ ಗುಂಡಿಯೊಂದನ್ನು ಸೇರಿಸಿ ಕಳಿಸಿದಳು. ಈ ವಾರವಷ್ಟೇ ಕೂಟಕ್ಕೆ ಸೇರಿ, ಯಾವಾಗಲೂ ನನ್ನ ಎಡಕ್ಕೆ ನಿಲ್ಲುವ ಲಿವಿಯು ಎಂಬ ಹುಡುಗ ಇಷ್ಟು ಕೆಟ್ಟದಾಗಿ ಹಾಡುತ್ತಾನೆಂದು ಇಂದೇ ಗೊತ್ತಾದದ್ದು. ಕನ್ನಡಕದೊಳಗೇ ಅತ್ತುಬಿಟ್ಟೆ. ನಾನು ಮುಖವನ್ನೇ ಕಾಣದ ಹೆಂಗಸು ನನಗಾಗಿ ಕೂತು ಬರೆದಳಲ್ಲ.

ಆ ಧೈರ್ಯದಲ್ಲೇ ಅಮ್ಮನಿಗೂ ಹೇಳಿದೆ. ಬೈಯಲಿಲ್ಲ, ಎದ್ದು ಬಂದು ನನ್ನ ಬಲಕ್ಕೆ ಕೂತಳು. ಕಿವಿ ಡಾಕ್ಟರು ಯಾಶ್ ನಗರದಲ್ಲಿದ್ದಾರೆ. ನಾಳೆ ಬೆಳಿಗ್ಗೆ ಇಬ್ಬರೂ ಹೊರಡುತ್ತೇವೆ.