ಕತ್ತರಿಯಾಗಿ ಹಾಕದ ಸರಪಳಿ

ವಿಲ್ಬರ್, ನೆಬ್ರಾಸ್ಕಾ
16 ಸೆಪ್ಟೆಂಬರ್ 1997

ಮಗನೇ ಮಿಲೋ,

ಬರೆಯುತ್ತಿರುವವಳು ಅಡೆಲೀನ್ ಕುಚೇರಾ. ನಿನ್ನ ತಾಯಿ ಎಂಬುದು ನಿನಗೆ ನೆನಪಿದ್ದೀತು. ನೀನು ಮರೆತದ್ದನ್ನು ಮೊದಲು ಹೇಳುತ್ತೇನೆ. ಈ ಜುಲೈವರೆಗೆ ಇಪ್ಪತ್ತಾರು ವರ್ಷ ನಮ್ಮ ಕ್ಲಬ್‌ನ ಕಾರು ಪಂದ್ಯಗಳಲ್ಲಿ ನಾನು ಚಕ್ರ ಅಲ್ಲಾಡಿಸಿ ನೋಡಿ ತಪಾಸಣೆಯ ಚೀಟಿ ಅಂಟಿಸದ ಒಂದು ಕಾರೂ ಮೈದಾನಕ್ಕೆ ಇಳಿದಿಲ್ಲ. ನಿನ್ನ ಅಪ್ಪನ ಕಾರನ್ನೇ ಎರಡು ಸಲ ವಾಪಸು ಕಳಿಸಿದ್ದೇನೆ. ಆ ಎರಡು ದಿನವೂ ಅವರು ನನ್ನೊಡನೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ನಿನ್ನ ಬೆನ್ನು ನೋವು ಹೇಗಿದೆ? ಒಮಾಹಾದ ಆ ಹೊಸ ಮನೆಯಲ್ಲಿ ಅಡುಗೆ ಮಾಡಿಕೊಂಡು ಉಣ್ಣುತ್ತೀಯೋ, ಪೊಟ್ಟಣದ ಊಟವೋ? ಕೇಳಬೇಕಾದದ್ದನ್ನು ಕೇಳಿದ್ದೇನೆ. ನನ್ನ ಮಂಡಿ ಸುಮಾರಾಗಿದೆ. ಆ ಮಂಡಿಯಿಂದಾಗಿಯೇ ಜುಲೈ ತಿಂಗಳ ಪಂದ್ಯಕ್ಕೆ ನಾನು ಬರಲಿಲ್ಲ, ನೀನೊಬ್ಬನೇ ಹೋದೆ.

ಅಂದು ಬೆಳಿಗ್ಗೆ ಅಂಗಳದಲ್ಲಿ ನಿನ್ನ ಅಪ್ಪನ ಆ ಪುಟ್ಟ ಸ್ಪೋರ್ಟ್ಸ್ ಕಾರಿನ ಹಿಂದೆ ಟ್ರೇಲರ್ ಕಟ್ಟಿದವಳು ನಾನು. ಪಂದ್ಯದ ನಾಲ್ಕು ಟೈರು, ಜಾಕು, ಸಲಕರಣೆ ಪೆಟ್ಟಿಗೆ, ಎಲ್ಲವನ್ನೂ ಮೂತಿಯ ಕಡೆಗೆ ಭಾರ ಬರುವಂತೆ ಜೋಡಿಸಿದೆ. ಕಾರಿಗೂ ಟ್ರೇಲರ್‌ಗೂ ಬಿಗಿಯುವ ಎರಡು ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಗಿ ಹಾಕಿದೆ. ಕೊಂಡಿ ಕಳಚಿದರೂ ಟ್ರೇಲರ್‌ನ ಮೂತಿ ನೆಲಕ್ಕೆ ಬೀಳದೆ ಆ ಕತ್ತರಿಯೊಳಗೆ ತೊಟ್ಟಿಲ ಮಗುವಿನಂತೆ ಕೂರಬೇಕು. ನೀನು ಎಂಟು ವರ್ಷದವನಾಗಿದ್ದಾಗಲೇ ಕಲಿಸಿದ್ದೆ. ಮಧ್ಯಾಹ್ನ ಸುದ್ದಿ ಬಂತು. ಟ್ರೇಲರ್ ಕಳಚಿ, ಮೂತಿ ನೆಲಕ್ಕೆ ನೆಟ್ಟು, ಮಗುಚಿ, ಟಪಾಲು ಹಂಚುತ್ತಿದ್ದ ಅರ್ವಿನ್‌ನ ಕಾರಿಗೆ ಬಡಿದಿದೆ, ಅವನ ತೊಡೆಯ ಮೂಳೆ ಮುರಿದಿದೆ ಎಂದು.

ಕ್ಲಬ್ಬಿನವರಿಗೆ ನೀನು ಹೇಳಿದ್ದನ್ನು ಡೆಲ್ಬರ್ಟ್ ನನಗೆ ಅಕ್ಷರ ಬಿಡದೆ ಒಪ್ಪಿಸಿದ. “ಕಟ್ಟಿದ್ದು ಅಮ್ಮ. ವಯಸ್ಸಾಯ್ತಲ್ಲ, ಮರ್ತಿರ್ಬೇಕು. ಪಾಪ, ಅವಳಿಗೇನೂ ಅನ್ಬೇಡಿ.” ಅಧ್ಯಕ್ಷನಾದ ತಪ್ಪಿಗೆ ಅವನೇ ಒಂದು ಕೇಕು ಹಿಡಿದುಕೊಂಡು ಬಂದು ನನ್ನ ಚೀಟಿಯ ಸುರುಳಿಯನ್ನು ತೆಗೆದುಕೊಂಡು ಹೋದ. ಇನ್ನು ಮೇಲೆ ನೆರಳಲ್ಲಿ ಕುಳಿತು ನೋಡಿದರೆ ಸಾಕಂತೆ ನಾನು. ಕೇಕನ್ನು ಹಂದಿಗೆ ಹಾಕಿದೆ.

ಆದರೆ ಮಿಲೋ, ನಾನು ನಿನ್ನ ಮಾತನ್ನು ನಂಬಿದೆ. ಆರು ವಾರ ನಂಬಿದೆ. ಪಾತ್ರೆ ತೊಳೆಯುತ್ತ ನಿಂತಲ್ಲೇ ಆ ಬೆಳಗಿನ ಸರಪಳಿಗಳನ್ನು ನೆನೆಸಿಕೊಳ್ಳುತ್ತಿದ್ದೆ. ಹಾಕಿದ್ದೆನೋ, ಹಾಕಿದೆನೆಂದು ಅಂದುಕೊಂಡಿದ್ದೆನೋ. ಒಲೆ ಆರಿಸಿದ್ದೇನೆಯೇ ಎಂದು ಮೂರು ಮೂರು ಸಲ ಎದ್ದು ನೋಡಿದೆ. ನನ್ನನ್ನು ನಾನೇ ನಂಬದೆ ಬದುಕುವುದು ಹೇಗಿರುತ್ತದೆಂದು ಅರವತ್ತೆಂಟನೆಯ ವಯಸ್ಸಿನಲ್ಲಿ ನೀನು ತೋರಿಸಿದೆ.

ಕಳೆದ ವಾರ ಗಸಗಸೆ ತುಂಬಿದ ಕೊಲಾಚೆ ಬನ್ನು ಮಾಡಿಕೊಂಡು ಅರ್ವಿನ್‌ನ ಕ್ಷಮೆ ಕೇಳಲು ಹೋದೆ. ಪಟ್ಟಿ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅವನು ಎರಡು ತಿಂದು ಮುಗಿಸಿದ. ಆಮೇಲೆ, “ನೀನ್ಯಾಕೆ ಬಂದ್ಯೇ ಅಡೆಲೀನ್?” ಎಂದ. “ಪೆಟ್ರೋಲ್ ಬಂಕ್ ಹತ್ರ ಯಾವನೋ ಪಿಕಪ್‌ನವನು ‘ರೇಸ್ ಕುದುರೆಗೆ ಗೊಬ್ಬರದ ಗಾಡಿ ಕಟ್ಟಿದ್ಯಲ್ಲೋ’ ಅಂದ. ನಿನ್ ಮಗ ರೋಷ ಬಂದು ಟ್ರೇಲರ್ ಅಲ್ಲೇ ಬಿಚ್ಚಿಟ್ಟು ಅವನ ಹಿಂದೆ ಕಾರು ಹಾರಿಸ್ಕೊಂಡು ಹೋದ. ವಾಪಸ್ ಬಂದು ಅರೆಗಳಿಗೇಲಿ ಸಿಕ್ಕಿಸ್ಕೊಂಡ. ನಾನು ಅಲ್ಲೇ ಟಪಾಲು ಕೊಡ್ತಿದ್ದೆ, ಅವನ ಹಿಂದೇನೇ ಹೊರಟೆ. ಅಲ್ಲಿಂದ ಎರಡು ಮೈಲಿಗೆ ನನ್ ಕಾಲಿನ ಕಥೆ ಆಯ್ತು.” ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ, ಊರೆಲ್ಲ ನನ್ನ ಹೆಸರು ಹೇಳುತ್ತಿದ್ದದ್ದು ತಿಳಿದೇ ಇರಲಿಲ್ಲ. ಪೊಲೀಸರು ತೆಗೆದ ಫೋಟೋವನ್ನೂ ಹೋಗಿ ನೋಡಿದೆ. ಸರಪಳಿಗಳು ಕತ್ತರಿಯಾಗಿಲ್ಲ, ಒದ್ದೆ ಕಾಲುಚೀಲಗಳಂತೆ ಪಕ್ಕಪಕ್ಕದಲ್ಲಿ ನೇತಾಡುತ್ತಿವೆ. ಅದು ನಾನು ಕಟ್ಟಿದ್ದಲ್ಲ.

ಆ ಟ್ರೇಲರ್ ಎಂದರೆ ನಿನಗೆ ಮೊದಲಿನಿಂದಲೂ ನಾಚಿಕೆ. ದುಡ್ಡಿದ್ದವರು ಪಂದ್ಯದ ಕಾರನ್ನು ಬೇರೆ ಗಾಡಿಯ ಮೇಲೆ ಮದುಮಗಳಂತೆ ಹೊತ್ತು ತರುತ್ತಾರೆ. ನಾವು ಪಂದ್ಯದ ಕಾರಿನಲ್ಲೇ ಹೋಗಿ, ಟೈರು ಬದಲಿಸಿ, ಓಡಿಸಿ, ಅದರಲ್ಲೇ ಮನೆಗೆ ಬರುತ್ತೇವೆ. ನಿನ್ನ ಅಪ್ಪ ಅದನ್ನು ತಲೆ ಎತ್ತಿಕೊಂಡೇ ಮಾಡಿದರು. ಒಬ್ಬ ಅಪರಿಚಿತನ ಒಂದು ನಗು ತಡೆಯಲು ನಿನಗಾಗಲಿಲ್ಲ.

ಅದನ್ನಾದರೂ ಕ್ಷಮಿಸುತ್ತಿದ್ದೆ. ಆದರೆ ಗುರುವಾರ ಫೋನಿನಲ್ಲಿ ಕೇಳಿದಾಗ ನೀನು ಅಲ್ಲಗಳೆಯಲಿಲ್ಲ. “ಅಮ್ಮಾ, ನಿಂಗೆ ಆಗ್ಲೇ ಅರವತ್ತೆಂಟು. ಹೇಗಿದ್ರೂ ಈ ಕೆಲ್ಸ ನೀನೇ ಬಿಡ್ತಿದ್ದೆ. ನಾನಿನ್ನೂ ಎಷ್ಟೋ ವರ್ಷ ಓಡಿಸ್ಬೇಕು” ಎಂದೆ. ಆ ಮಾತು ಹುಡುಗಾಟದ್ದಲ್ಲ, ಲೆಕ್ಕ ಹಾಕಿ ಆಡಿದ್ದು.

ಅರ್ವಿನ್‌ನನ್ನು ಹೋಗಿ ನೋಡು. ನನ್ನ ಪರವಾಗಿ ಅಲ್ಲ, ನಿನ್ನ ಪರವಾಗಿ. ಚಳಿ ಬರುತ್ತಿದೆ, ಬೆನ್ನಿಗೆ ಉಣ್ಣೆ ಪಟ್ಟಿ ಕಟ್ಟಿಕೋ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಅದು ಅವನ ಕೆಲಸ, ಅವನು ಮಾಡಲಿ.

ನಿನ್ನ ತಾಯಿ,
ಅಡೆಲೀನ್ ಕುಚೇರಾ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ನಿನ್ನೆ ಕ್ಲಬ್ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ನಿನ್ನನ್ನು ಕ್ಲಬ್‌ನಿಂದ ತೆಗೆಯಬೇಕೆಂದು ಸೂಚಿಸಿದವಳೂ ನಾನೇ. ಡೆಲ್ಬರ್ಟ್, “ತಾಯಿಯಾಗಿ ಇನ್ನೊಂದ್ಸಲ ಯೋಚ್ನೆ ಮಾಡಿ ಅಡೆಲೀನ್” ಎಂದ. ಮತಕ್ಕೆ ಹಾಕು ಎಂದೆ. ಹದಿನಾಲ್ಕು ಜನ ಕೈ ಎತ್ತಿ ನಿನ್ನನ್ನು ತೆಗೆದರು, ಎಲ್ಲರಿಗಿಂತ ಮೊದಲು ಎತ್ತಿದವಳು ನಾನು.